ಬೆದರದ ಜಿಂಕೆ

ಗಂಡುಜಿಂಕೆ ಪುತಾ ನೇರವಾಗಿ ನಡೆದು ಬಂದು ಕೋವಿಯ ನಳಿಗೆಯನ್ನೇ ಮೂಸಿ ನೋಡಿತು.

ಮುಳ್ಳುಪೊದೆಯ ಹಿಂದೆ ಮರಳಿನ ಮೇಲೆ ಬೋರಲು ಮಲಗಿದ್ದ ಲಾನ್ಸೆಲೊಟ್ ಉಸಿರು ಬಿಗಿಹಿಡಿದ. ಬೆಳ್ಳಂಬೆಳಗ್ಗೆ ಎದ್ದು ಬಂದು, ಗಾಳಿಯ ದಿಕ್ಕು ನೋಡಿ, ಮೊಣಕೈ ಊರಿ ತೆವಳಿ, ಅಂಗಿಯೊಳಗೆಲ್ಲ ಮರಳು ತುಂಬಿಕೊಂಡು ಅವನು ಹಿಡಿದ ಜಾಗ ಅದು. ಹುಟ್ಟಿದೂರಿನ ಕಾಡಿನಲ್ಲಾಗಲಿ ಬಹರೈನಿನ ಈ ಬಯಲಿನಲ್ಲಾಗಲಿ, ಶಿಕಾರಿಯೆಂದರೆ ಪ್ರಾಣಿಗೆ ಗೊತ್ತಾಗದ ಹಾಗೆ ಹತ್ತಿರವಾಗುವುದು ಎಂದು ಅವನು ಕಲಿತಿದ್ದ. ಪ್ರಾಣಿಯೇ ಖುಷಿಯಿಂದ ನಡೆದು ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಪುತಾ ನಳಿಗೆಯನ್ನು ಬಿಟ್ಟು ಅವನ ಕೈಯ ಬೆವರನ್ನು ನೆಕ್ಕತೊಡಗಿತು. ಅದರ ನಾಲಗೆ ಬೆಚ್ಚಗಿತ್ತು.

ಲಾನ್ಸೆಲೊಟ್ ಎದ್ದು ಕೂತು ಕೋವಿಯಿಂದ ಗುಂಡು ತೆಗೆದು ಕಿಸೆಗೆ ಹಾಕಿಕೊಂಡ. ದೂರದಲ್ಲಿ ಪಿಕಪ್‌ನ ನೆರಳಿನಲ್ಲಿ ಕತ್ತಿ ಹಿಡಿದು ಕಾಯುತ್ತಿದ್ದ ಉಮ್ಮರ್ ಕುಂಞಿ ನಿಧಾನಕ್ಕೆ ನಡೆದು ಬಂದ. ಅವನು ಇಬ್ಬರಿಗೂ ಧಣಿಯಾದ ಅಬು ಯೂಸುಫರ ಬಿಡಾರದ ಅಡುಗೆಯವನು, ಉಳ್ಳಾಲದ ಬ್ಯಾರಿ ಮುಸಲ್ಮಾನ, ವಯಸ್ಸಿನಲ್ಲಿ ಲಾನ್ಸೆಲೊಟನಿಗಿಂತ ಹತ್ತು ವರ್ಷವಾದರೂ ದೊಡ್ಡವನು. ಎದುರಿಗಿದ್ದವರ ಕಾಲೆಳೆಯದಿದ್ದರೆ ಅವನಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ.

"ಎಂತ ಪೊರ್ಬುಗಳೇ, ಶಿಕಾರಿ ಮಾಡಿದ್ದು ನೀವಾ, ಅದುವಾ?" ಎಂದ, ಊರಿನ ಕಡೆ ಕ್ರಿಸ್ತುವರನ್ನು ಕರೆಯುವ ಹಾಗೆಯೇ.

ಲಾನ್ಸೆಲೊಟನಿಗೆ ನಗು ಬರಲಿಲ್ಲ. "ನನ್ನಿಂದ ಆಗುವುದಿಲ್ಲ ಉಮ್ಮರಾಕ. ಓಡುವುದನ್ನು ಹೊಡೆಯಬಹುದು. ಕೈ ನೆಕ್ಕುವುದನ್ನು ಹೊಡೆಯುವುದು ಹೇಗೆ?"

ಉಮ್ಮರ್ ಕುಂಞಿ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಪುತಾ ಅವನ ಲುಂಗಿಯ ಅಂಚನ್ನು ಬಾಯಿಗೆ ಹಾಕಿಕೊಂಡು ಎಳೆಯಿತು.

ದ್ವೀಪದ ದಕ್ಷಿಣಕ್ಕೆ, ಎಣ್ಣೆಯ ಕೊಳವೆಗಳೆಲ್ಲ ಹಿಂದೆ ಉಳಿದ ಮೇಲೆ ಸಿಗುವ ಆ ಬಯಲು ಅಬು ಯೂಸುಫರದು. ಅವರದು ಎನ್ನುವುದು ಮಾತಿಗಷ್ಟೇ. ಸುತ್ತ ಹಾಕಿದ್ದ ತಂತಿಬೇಲಿ ಎಷ್ಟೋ ಕಡೆ ಮರಳಿನಲ್ಲಿ ಹೂತುಹೋಗಿತ್ತು, ಚಳಿ ಶುರುವಾಯಿತೆಂದರೆ ಮನಾಮಾದ ಅಂಗಡಿಯವರು, ಮುಹರ್ರಕ್‌ನ ದೊಡ್ಡ ದೊಡ್ಡ ಸಂಸಾರಗಳು, ಸಿತ್ರಾದ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿದವರು, ಎಲ್ಲರೂ ಬಂದು ಅಲ್ಲಿ ಡೇರೆ ಹಾಕುತ್ತಿದ್ದರು. ಅಬು ಯೂಸುಫ್ ಯಾರನ್ನೂ ಹೋಗಿ ಎಂದವರಲ್ಲ. ಮರಳನ್ನು ದೇವರು ತನ್ನೊಬ್ಬನಿಗೆಂದು ಹಾಸಿಲ್ಲ ಎನ್ನುತ್ತಿದ್ದರು. ಅಲ್ಲಿ ಅವರು ಸಾಕಿದ್ದ ಜಿಂಕೆಗಳ ಹಿಂಡೊಂದಿತ್ತು. ಮರಳಿನದೇ ಬಣ್ಣ, ಮುಖ ಮಾತ್ರ ಬಿಳಿ. ಅರಬರು ಅದಕ್ಕೆ ರೀಮ್ ಎನ್ನುತ್ತಾರೆ. ಜನ ಅಷ್ಟು ದೂರ ಬರುತ್ತಿದ್ದದ್ದು ಅರ್ಧ ಅವುಗಳನ್ನು ಮಕ್ಕಳಿಗೆ ತೋರಿಸುವುದಕ್ಕೇ.

ಹಿಂಡು ಬೆಳೆದರೆ ಮೇವು ಸಾಲುವುದಿಲ್ಲ, ಗಂಡುಗಳು ಕಾದಾಡಿ ಒಂದರ ಹೊಟ್ಟೆ ಇನ್ನೊಂದು ಸೀಳುತ್ತವೆ. ಹಾಗಾಗಿ ಪ್ರತಿ ಚಳಿಗಾಲ ಮುದಿ ಗಂಡುಗಳಲ್ಲಿ ಕೆಲವನ್ನು ಹೊಡೆಯಬೇಕಾಗುತ್ತಿತ್ತು. ಅದು ಡೇರೆಯವರ ಕಣ್ಣಿಗೆ ಬೀಳಬಾರದು. ಕೈಯಲ್ಲಿ ರೊಟ್ಟಿ ಹಿಡಿದು ಜಿಂಕೆಯನ್ನು ಕರೆಯುವ ಮಗುವಿನ ಎದುರು ಜಿಂಕೆಯನ್ನು ಕೆಡವಲು ಯಾರಿಗೆ ಮನಸ್ಸು ಬರುತ್ತದೆ? ಡ್ರೈವರ್ ವೀಸಾದಲ್ಲಿ ಬಂದ ಲಾನ್ಸೆಲೊಟ್, ತಾನು ಕಾರ್ಕಳದ ಆಚೆ ಅಪ್ಪನ ಕೇಪಿನ ಕೋವಿ ಹಿಡಿದು ಬೆಳೆದವ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದೇ ತಡ, ಈ ಕೆಲಸ ಅವನ ಕೊರಳಿಗೆ ಬಿದ್ದಿತ್ತು. ವಾರದ ನಡುವಿನ ದಿನ, ಡೇರೆಗಳಲ್ಲಿ ಜನ ಏಳುವ ಮೊದಲು, ದಿಣ್ಣೆಯ ಮರೆಯಲ್ಲಿ ಒಂದೇ ಗುಂಡು. ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಹೊಡೆಯುವಂತಿಲ್ಲ. ಅದು ಬಿದ್ದ ತಕ್ಷಣ ಉಮ್ಮರ್ ಕುಂಞಿ ಕತ್ತಿ ಹಿಡಿದು ಓಡಬೇಕು, ಮಾಂಸ ಹಲಾಲ್ ಆಗಲು ಜೀವ ಇರುವಾಗಲೇ ದೇವರ ಹೆಸರಿನ ಬಿಸ್ಮಿ ಹೇಳಿ ಕೊಯ್ಯಬೇಕು. ಊರಿನಲ್ಲೂ ಹಾಗೆಯೇ ನಡೆಯುತ್ತಿತ್ತು. ಪೊರ್ಬುಗಳ ಶಿಕಾರಿಗೆ ಒಬ್ಬ ಬ್ಯಾರಿ ಜೊತೆಗೆ ಹೋಗದಿದ್ದರೆ ಅರ್ಧ ಊರಿಗೆ ಮಾಂಸ ಸಲ್ಲುತ್ತಿರಲಿಲ್ಲ. ಕೋವಿಯ ಕುದುರೆ ಎಳೆಯುವಾಗ ದೇವರ ಹೆಸರು ಹೇಳಿದರೆ ಸಾಕು ಎಂದು ಅಬು ಯೂಸುಫ್ ನಕ್ಕರೂ ಉಮ್ಮರ್ ಕುಂಞಿ ಒಪ್ಪಿರಲಿಲ್ಲ. ಕುದುರೆ ಎಳೆಯುವ ಕೈ ಪೊರ್ಬುಗಳದ್ದಾದರೆ ಬಿಸ್ಮಿಯ ಲೆಕ್ಕ ಯಾರದೆಂದು ಅವನು ವಾದ ಹೂಡುತ್ತಿದ್ದ. ಅವನಿಗೆ ಓಡಲು ಸಮಯ ಸಿಗಲೆಂದೇ ಲಾನ್ಸೆಲೊಟ್ ತಲೆಗೆ ಹೊಡೆಯದೆ ಭುಜದ ಹಿಂದೆ ಹೊಡೆಯುವುದನ್ನು ರೂಢಿ ಮಾಡಿಕೊಂಡಿದ್ದ.

ಆದರೆ ಪುತಾ ಮುದಿಯಲ್ಲ, ಅದಕ್ಕೆ ಎರಡೇ ವರ್ಷ. ಅದನ್ನು ಹೊಡೆಯಬೇಕಾಗಿ ಬಂದದ್ದು ಅದು ಬೆಳೆದ ರೀತಿಯಿಂದ.

ಯಾರದೋ ಜೀಪಿಗೆ ಸಿಕ್ಕಿ ತಾಯಿಜಿಂಕೆ ಸತ್ತ ದಿನ ಲಾನ್ಸೆಲೊಟ್ ಆ ಮರಿಯನ್ನು ಪಿಕಪ್‌ನ ಸೀಟಿನಲ್ಲಿ ಮಲಗಿಸಿಕೊಂಡು ಅರಾದ್‌ನ ಬಾಡಿಗೆ ಮನೆಗೆ ತಂದಿದ್ದ. ಒಂದೆರಡು ದಿನ ಬದುಕೀತು ಎಂದುಕೊಂಡಿದ್ದ. ಅವನ ಹೆಂಡತಿ ಫ್ಲಾವಿಯಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾಗಿ ಆಗ ಏಳು ವರ್ಷ, ಎರಡು ಸಲ ಬಸುರು ನಿಲ್ಲದೆ ಹೋಗಿತ್ತು, ಆಮೇಲೆ ಆ ಮಾತನ್ನು ಇಬ್ಬರೂ ಎತ್ತುವುದನ್ನು ಬಿಟ್ಟಿದ್ದರು. ಅವಳು ಆಸ್ಪತ್ರೆಯಿಂದ ಹಾಲಿನ ಬಾಟ್ಲಿ ತಂದಳು, ಪಕ್ಕದ ಮನೆಯ ನರ್ಸ್ ವಾಯೊಲೆಟ್ ಜೊತೆ ಡ್ಯೂಟಿ ಬದಲಾಯಿಸಿಕೊಂಡಳು, ಮರಿ ಉಚ್ಚೆ ಹೊಯ್ದ ಚಾಪೆಯನ್ನು ದಿನಾ ತೊಳೆದು ಒಣಗಿಸಿದಳು. ವಿಮಾನ ನಿಲ್ದಾಣ ಅಲ್ಲೇ ಪಕ್ಕದಲ್ಲಿ. ಮೊದಮೊದಲು ಪ್ರತಿ ವಿಮಾನಕ್ಕೂ ಮರಿ ನಡುಗಿ ಅವಳ ನೈಟಿಯೊಳಗೆ ತಲೆ ತೂರಿಸುತ್ತಿತ್ತು. ಅವಳು ಬೆನ್ನು ಸವರುತ್ತ "ಪುತಾ, ಪುತಾ" ಎನ್ನುತ್ತಿದ್ದಳು. ಕೊಂಕಣಿಯಲ್ಲಿ ಮಗನೇ ಎಂದು ಅರ್ಥ. ಒಂದು ತಿಂಗಳಾಗುವಷ್ಟರಲ್ಲಿ ವಿಮಾನ ತಲೆಯ ಮೇಲೆ ಹಾದುಹೋದರೂ ಅದು ಕಿವಿ ಕೂಡ ಆಡಿಸುತ್ತಿರಲಿಲ್ಲ. ಆ ಮನೆಯಲ್ಲಿ ಅದು ಬೆದರುವುದನ್ನು ಮರೆಯಿತು, ಗಂಡ ಹೆಂಡತಿ ಇಬ್ಬರಿಗೂ ಆಗ ಅದು ಬಹಳ ಸಂತೋಷದ ಸಂಗತಿಯಾಗಿತ್ತು.

ಅಬು ಯೂಸುಫ್ ಒಮ್ಮೆ ಮರಿಯನ್ನು ನೋಡಲು ಬಂದರು. ಮುತ್ತಿನ ವ್ಯಾಪಾರದ ಕಾಲದಲ್ಲಿ ಮುಂಬಯಿಯಲ್ಲಿ ಕಲಿತ ಹಿಂದಿಯಲ್ಲಿ, ಹೆಣ್ಣಾಗಿದ್ದರೆ ಸಾಕಬಹುದಿತ್ತು, ಗಂಡುಮರಿಯನ್ನು ಕೈಯಲ್ಲಿ ಸಾಕಬಾರದು, ಬಾಟ್ಲಿ ಹಾಲು ಕುಡಿದ ಗಂಡು ದೊಡ್ಡದಾದ ಮೇಲೆ ಮನುಷ್ಯನನ್ನೇ ಇನ್ನೊಂದು ಗಂಡುಜಿಂಕೆಯೆಂದು ತಿಳಿದು ಕಾದಾಟಕ್ಕೆ ನಿಲ್ಲುತ್ತದೆ ಎಂದು ಶುರು ಮಾಡಿದರು. ಆಗ ಅವರ ಕಣ್ಣು ಫ್ಲಾವಿಯಾಳ ಮುಖದ ಮೇಲೆ ಬಿತ್ತು. ಮಾತನ್ನು ಅಲ್ಲಿಗೇ ನಿಲ್ಲಿಸಿ, ಚಹಾ ಕುಡಿದು, ಮರಿಯ ತಲೆ ಸವರಿ ಹೋದರು. ತಪ್ಪು ಮೂವರದೂ ಹೌದು, ಮೂವರೂ ಅದನ್ನು ಪ್ರೀತಿಯಿಂದಲೇ ಮಾಡಿದ್ದರು.

ಬಯಲಿಗೆ ಬಿಟ್ಟ ಮೇಲೂ ಪುತಾ ಹಿಂಡನ್ನು ಸೇರಲಿಲ್ಲ. ಡೇರೆಗಳ ನಡುವೆಯೇ ಸುತ್ತಾಡುತ್ತ ರೊಟ್ಟಿ, ಖರ್ಜೂರ, ಕಿತ್ತಳೆಯ ಸಿಪ್ಪೆ ತಿಂದು ಬೆಳೆಯಿತು. ಪ ಎನ್ನಲು ನಾಲಗೆ ಹೊರಳದ ಅರಬ್ ಮಕ್ಕಳು ಅದನ್ನು ಬುತಾ ಎಂದು ಕರೆದರು. ಕೊಂಬು ಬಲಿತ ಮೇಲೆ ಗುರುತಿದ್ದವರ ಕೈ ನೆಕ್ಕುತ್ತಿತ್ತು, ಗುರುತಿಲ್ಲದವರನ್ನು ಕೊಂಬಿನಿಂದ ಮಾತಾಡಿಸುತ್ತಿತ್ತು. ಮೊದಲು ಒಬ್ಬನ ಪ್ಯಾಂಟು ಹರಿಯಿತು, ಎಲ್ಲರೂ ನಕ್ಕರು. ಆಮೇಲೆ ಒಂದು ಶುಕ್ರವಾರ ರೊಟ್ಟಿ ಕೊಡಲು ಬಂದ ಪುಟ್ಟ ಹುಡುಗಿಯೊಬ್ಬಳ ತೊಡೆಗೆ ಕೊಂಬು ಹೊಕ್ಕಿತು. ಕಂಬಳಿಯಲ್ಲಿ ಸುತ್ತಿ ಅವಳನ್ನು ಕಾರಿನಲ್ಲಿ ಒಯ್ದದ್ದನ್ನು ನೋಡಿದವರಲ್ಲಿ ಯಾರೂ ನಗಲಿಲ್ಲ.

ಅಬು ಯೂಸುಫ್ ಆಸ್ಪತ್ರೆಗೆ ಹೋಗಿ ಆ ತಂದೆತಾಯಿಯ ಕ್ಷಮೆ ಕೇಳಿ ಬಂದಿದ್ದರು. ಇನ್ನೊಂದು ಮಗುವಿಗೆ ಹೀಗಾಗಬಾರದೆಂದು ಲಾನ್ಸೆಲೊಟನಿಗೆ ಹೇಳುವಾಗ ಅವರು ಅವನ ಮುಖ ನೋಡಲಿಲ್ಲ. ಪುತಾನನ್ನು ಶೆಡ್ಡಿನಲ್ಲಿ ಕೂಡಿಹಾಕಿ ನೋಡಿದರು. ಅದು ತಗಡಿಗೆ ತಲೆ ಹೊಡೆದು ಹೊಡೆದು ಒಂದು ದಿನದಲ್ಲಿ ಮುಖವೆಲ್ಲ ರಕ್ತ ಮಾಡಿಕೊಂಡಿತು. ಕೊಡುತ್ತೇನೆಂದು ನಾಲ್ಕಾರು ಜನರನ್ನು ಕೇಳಿದರು. ಮನುಷ್ಯರಿಗೆ ಹೆದರದ ಗಂಡು ಯಾರಿಗೂ ಬೇಡವಾಗಿತ್ತು. ಉಳಿದದ್ದು ಕೋವಿ. ಆ ವರ್ಷ ಒಳ್ಳೆಯ ಮಳೆಯಾಗಿ ಮರಳಿನಡಿ ಫಗಾ ಗಡ್ಡೆಗಳು ಎದ್ದಿದ್ದವು, ನೆಲದ ಅಣಬೆಯಂಥವು; ಅವನ್ನು ಹುಡುಕುವ ಹೆಂಗಸರು ವಾರದ ನಡುವೆಯೂ ತಲೆ ತಗ್ಗಿಸಿ ಬಯಲೆಲ್ಲ ಓಡಾಡುತ್ತಿದ್ದರು. ಲಾನ್ಸೆಲೊಟನ ಮೊದಲ ಪ್ರಯತ್ನ ಹಾಳಾದದ್ದು ಅವರಿಂದ. ಗುರಿ ಹಿಡಿದಾಗ ಪುತಾನ ಬೆನ್ನ ಹಿಂದೆ ಕಪ್ಪು ಅಬಾಯಾ ಹೊದ್ದ ಒಬ್ಬಳು ನೆಲದಿಂದೆದ್ದು ಸೊಂಟ ನೇರ ಮಾಡಿಕೊಂಡಿದ್ದಳು. ಎರಡನೆಯದು ಇವತ್ತು ಹೀಗಾಯಿತು. ನಾಳೆ ಒಂದು ಬೆಳಗು ಕಳೆದರೆ ಮತ್ತೆ ವಾರದ ರಜೆ, ಮತ್ತೆ ಡೇರೆಗಳ ತುಂಬ ಮಕ್ಕಳು.

ಇಷ್ಟಾದರೂ ಅವನು ಫ್ಲಾವಿಯಾಳಿಗೆ ಏನನ್ನೂ ಹೇಳಿರಲಿಲ್ಲ. ಹುಡುಗಿಗೆ ಪೆಟ್ಟಾದದ್ದನ್ನೂ ಹೇಳಿರಲಿಲ್ಲ. ಬೇಲಿ ಸರಿಮಾಡುವ ಕೆಲಸ, ಅದಕ್ಕೆ ಬೇಗ ಹೋಗಬೇಕು ಎಂದಷ್ಟೇ ಹೇಳಿದ್ದ. ಪುತಾ ಒಂದು ದಿನ ಸುಮ್ಮನೆ ಕಾಣೆಯಾಗಲಿ, ತಪ್ಪಿಸಿಕೊಂಡಿತು ಎನ್ನಬಹುದು, ಅವಳು ಸ್ವಲ್ಪ ದಿನ ಅತ್ತು ಸುಮ್ಮನಾಗುತ್ತಾಳೆ ಎಂದು ಲೆಕ್ಕ ಹಾಕಿದ್ದ. ಒಂಬತ್ತು ವರ್ಷದಲ್ಲಿ ಅವಳಿಂದ ಮುಚ್ಚಿಟ್ಟದ್ದು ಇದೊಂದೇ. ಗುಂಡು ಹೊಡೆಯುವುದಕ್ಕಿಂತ ಅವನಿಗೆ ಹೆಚ್ಚು ಹೆದರಿಕೆಯಿದ್ದದ್ದು ಅದು ಗೊತ್ತಾದ ದಿನ ಅವಳು ತನ್ನನ್ನು ನೋಡುವ ಕಣ್ಣಿಗೆ.

ಸಂಜೆ ಮನೆಗೆ ಬಂದಾಗ ಫ್ಲಾವಿಯಾ ಮೀನು ತೊಳೆಯುತ್ತಿದ್ದಳು. ಕೈಕಾಲು ತೊಳೆದು ಬನಿಯನ್ನಿನಲ್ಲಿ ಕೂತವನ ಮೊಣಕೈಗಳನ್ನು ಅವಳು ಬಾಗಿಲಿನಲ್ಲಿ ನಿಂತು ನೋಡಿದಳು. ಎರಡೂ ಕಡೆ ಚರ್ಮ ಕಿತ್ತು ಕೆಂಪಾಗಿತ್ತು. ಒಳಗೆ ಹೋಗಿ ಹತ್ತಿ, ಅಯೋಡಿನ್ ತಂದು ಎದುರಿಗೆ ಕೂತು ಒರೆಸತೊಡಗಿದಳು. ಉರಿಯಿತು, ಅವನು ಕೈ ಎಳೆದುಕೊಳ್ಳಲಿಲ್ಲ.

"ಬೇಲಿ ಕಟ್ಟುವವನ ಮೊಣಕೈ ಎಂತಕ್ಕೆ ತರಚುವುದು ಲಾನ್ಸಿ?"

ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಎರಡನೆಯ ಸುಳ್ಳು ಬೇಗ ಸಿಗುವುದಿಲ್ಲ.

ಅವಳು ಹತ್ತಿಯನ್ನು ಮತ್ತೆ ಅಯೋಡಿನ್‌ನಲ್ಲಿ ಅದ್ದಿದಳು. "ಆ ಹುಡುಗಿಯನ್ನು ತಂದ ದಿನ ಕ್ಯಾಶುವಾಲ್ಟಿಯಲ್ಲಿ ನಾನೇ ಇದ್ದದ್ದು. ಡಾಕ್ಟರು ಹೊಲಿಯುವಾಗ ಕಾಲು ಹಿಡಿದದ್ದು ನಾನು. ತಾಯಿ ಬುತಾ, ಬುತಾ ಅಂತ ಅಳುತ್ತಿದ್ದಳು. ಮೊದಲು ನನಗೆ ತಲೆಗೇ ಹೋಗಲಿಲ್ಲ. ಹೋದ ಮೇಲೂ ಕಾಲು ಬಿಡುವ ಹಾಗಿರಲಿಲ್ಲ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀನು ಹೇಳಿದೆಯಾ?"

ಮನೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಅದು ಹೋಗುವವರೆಗೆ ಮಾತಾಡುವಂತಿರಲಿಲ್ಲ. ಅವಳಿಗೆ ತಿಳಿದಿದೆ, ತಿಳಿದೂ ಇಷ್ಟು ದಿನ ತನ್ನ ಬುತ್ತಿ ಕಟ್ಟಿಕೊಟ್ಟಿದ್ದಾಳೆ, ತಾನು ಹೇಳಲೆಂದು ಕಾದಿದ್ದಾಳೆ ಎಂದು ಅರ್ಥವಾದಾಗ ಲಾನ್ಸೆಲೊಟನಿಗೆ ನಾಚಿಕೆಯಾಯಿತು. ಜೊತೆಗೆ ಎದೆಯ ಮೇಲಿನ ಭಾರ ಇಳಿದ ಹಾಗೂ ಆಯಿತು. ಬೆಳಗ್ಗೆ ಪುತಾ ಕೋವಿಯ ನಳಿಗೆ ಮೂಸಿದ್ದನ್ನು, ಕೈ ನೆಕ್ಕಿದ್ದನ್ನು, ತಾನು ಗುಂಡು ತೆಗೆದಿಟ್ಟದ್ದನ್ನು ಎಲ್ಲ ಹೇಳಿದ.

ಫ್ಲಾವಿಯಾ ಅವನ ಕೈಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿದ್ದಳು. "ತೊಡೆಯ ದೊಡ್ಡ ರಕ್ತನಾಳ ಒಂದು ಬೆರಳು ಆಚೆ ಇತ್ತು" ಎಂದಳು. "ಒಂದೇ ಬೆರಳು. ಅದಕ್ಕೆ ತಾಗಿದ್ದರೆ ಆ ಮಗು ಆಸ್ಪತ್ರೆಗೆ ಬಂದು ಮುಟ್ಟುತ್ತಿರಲಿಲ್ಲ. ನಾವು ಮಗನೇ ಅಂತ ಕರೆದದ್ದು, ಬೇರೆಯವರ ಮಗಳನ್ನು..." ಆಮೇಲೆ ಕೇಳಿದಳು, "ಅದಕ್ಕೆ ನೋಯುತ್ತದಾ?"

"ತಲೆಗೆ ಹೊಡೆದರೆ ಗೊತ್ತೇ ಆಗುವುದಿಲ್ಲ."

"ಹಾಗಾದರೆ ತಲೆಗೇ ಹೊಡಿ."

"ಅದು ನಿಲ್ಲಬೇಕಲ್ಲ ಮಾರಾಯ್ತಿ. ನನ್ನನ್ನು ನೋಡಿದರೆ ಕೈ ನೆಕ್ಕಲು ಮೈಮೇಲೆ ಬರುತ್ತದೆ."

"ನಾನು ನಿಲ್ಲಿಸುತ್ತೇನೆ" ಎಂದಳು ಫ್ಲಾವಿಯಾ. ಎದ್ದು ಹೋಗಿ ಮೀನಿಗೆ ಉಪ್ಪು ಹಚ್ಚಿದಳು. ಆ ರಾತ್ರಿ ಇಬ್ಬರೂ ಊಟ ಮಾಡಿದ್ದು ಅಷ್ಟಕ್ಕಷ್ಟೆ.

ಗುರುವಾರ ಬೆಳಕು ಹರಿಯುವಾಗ ಪಿಕಪ್ ಬಯಲು ತಲುಪಿತು. ಫ್ಲಾವಿಯಾ ಆಸ್ಪತ್ರೆಯ ಬಿಳಿ ಸಮವಸ್ತ್ರದಲ್ಲೇ ಬಂದಿದ್ದಳು, ಮೇಲೆ ಸ್ವೆಟರು, ತಲೆಗೆ ಇಗರ್ಜಿಗೆ ಹೋಗುವಾಗ ಹಾಕುವ ನೀಲಿ ಸ್ಕಾರ್ಫು. ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಉಮ್ಮರ್ ಕುಂಞಿ ಸಲಿಕೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಆಗಷ್ಟೇ ತೋಡಿದ ಹೊಂಡ ಇತ್ತು. ಅಬು ಯೂಸುಫರ ಹಿಂಡಿನಲ್ಲಿ ಬಿದ್ದ ಒಂದೇ ಒಂದು ಪ್ರಾಣಿಯೂ ಹೊಂಡಕ್ಕೆ ಹೋದದ್ದಿಲ್ಲ. ಮಾಂಸ ಹಾಳಾಗುವುದನ್ನು ಕಂಡರೆ ಉಮ್ಮರ್ ಕುಂಞಿಗೆ ಆಗುತ್ತಿರಲಿಲ್ಲ. ಕತ್ತಿಯೆಲ್ಲಿ ಎಂದು ಲಾನ್ಸೆಲೊಟ್ ಕೇಳಿದ.

"ಅಡುಗೆಕೋಣೆಯಲ್ಲಿ ಉಂಟು. ನಮ್ಮ ಫ್ಲಾವಿಯಾ ಬಾಯಿ ಹಾಲು ಕುಡಿಸಿ ಸಾಕಿದ್ದನ್ನು ನಾನು ಸಾರು ಮಾಡುವುದಾ ಪೊರ್ಬುಗಳೇ? ಇವತ್ತು ನೀವು ನನಗೋಸ್ಕರ ಭುಜಕ್ಕೆ ಹೊಡೆಯುವುದು ಬೇಡ." ಅವನು ಫ್ಲಾವಿಯಾಳ ಕಡೆ ತಿರುಗಿ ನೀರಿನ ಕ್ಯಾನು ತೋರಿಸಿದ. "ಬಾಯಿ, ಮೊದಲು ನೀರು ಕುಡಿಸಿ. ಬಾಯಾರಿಕೊಂಡು ಹೋಗಬಾರದು."

ಅವನು ಎದುರಿನ ದಿಬ್ಬವನ್ನು ಹತ್ತಿ ಯಾರಾದರೂ ಬರುತ್ತಾರೋ ನೋಡಲು ನಿಂತ. ಎರಡೂ ಕೈ ಬಾಯಿಗೆ ಹಿಡಿದು ಫ್ಲಾವಿಯಾ ಪುತಾನನ್ನು ಕರೆದಳು. ಜೋರಾಗಿಯೇನೂ ಕರೆಯಲಿಲ್ಲ, ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಕರೆದಷ್ಟೇ. ಡೇರೆಗಳ ಕಡೆಯಿಂದ ಅದು ನೆಗೆಯುತ್ತ ಬಂತು. ಬಂದದ್ದೇ ಅವಳ ಹೊಟ್ಟೆಗೆ ಹಣೆ ಒತ್ತಿ ನಿಂತಿತು. ತಗಡಿಗೆ ಹೊಡೆದುಕೊಂಡ ಗಾಯ ಇನ್ನೂ ಆರಿರಲಿಲ್ಲ; ಅವಳು ಅಭ್ಯಾಸಬಲದಿಂದ ಅದನ್ನು ಮುಟ್ಟಿ, ಸುತ್ತ ಒತ್ತಿ, ಕೀವಾಗಿದೆಯೋ ಎಂದು ನೋಡಿದಳು. ಬೊಗಸೆಯಲ್ಲಿ ನೀರು ಹಿಡಿದಳು. ಅದು ಕುಡಿಯಿತು, ಇನ್ನೂ ಬೇಕೆಂದಿತು, ಮತ್ತೆ ಕುಡಿಯಿತು.

ಗೊರಸಿಗೆ ಔಷಧಿ ಹಾಕಲು ಜಿಂಕೆಗಳನ್ನು ಹಿಡಿದಾಗ ಅಲ್ಲಿ ಮಾಡುತ್ತಿದ್ದ ಉಪಾಯ ಒಂದಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದರೆ ಎಂಥ ಪುಂಡ ಗಂಡಾದರೂ ನಿಂತಲ್ಲೇ ನಿಲ್ಲುತ್ತದೆ. ಫ್ಲಾವಿಯಾ ತಲೆಯ ಸ್ಕಾರ್ಫು ಬಿಚ್ಚಿ ಪುತಾನ ಕಣ್ಣಿನ ಮೇಲೆ ಸುತ್ತಿ ಕಿವಿಯ ಹಿಂದೆ ಗಂಟು ಹಾಕಿದಳು, ಹುಷಾರಾಗಿ, ಕೂದಲು ಸಿಕ್ಕಿಕೊಳ್ಳದ ಹಾಗೆ. ಅದಕ್ಕೆ ಏನೋ ಹೇಳಿದಳು. ಕೋವಿ ಹಿಡಿದು ಕಾಯುತ್ತಿದ್ದ ಲಾನ್ಸೆಲೊಟನಿಗೆ ಅದು ಕೇಳಿಸಲಿಲ್ಲ, ಕೇಳಿಸದ್ದೇ ಒಳ್ಳೆಯದಾಯಿತು ಎನಿಸಿತು. ಪುತಾನ ಹಿಂದಿದ್ದ ಇನ್ನೊಂದು ದಿಬ್ಬ ಒಳ್ಳೆಯ ಗಟ್ಟಿಯಾಗಿತ್ತು. ಪುತಾ ಇಪ್ಪತ್ತು ಹೆಜ್ಜೆಯೂ ದೂರವಿರಲಿಲ್ಲ.

ಅವಳು ಹಿಂದೆ ಸರಿಯುವಷ್ಟರಲ್ಲಿ ಉಮ್ಮರ್ ಕುಂಞಿ ಮೇಲಿನಿಂದ ಕೈ ಬೀಸಿದ. ಫಗಾ ಹುಡುಕುವ ಹೆಂಗಸರು, ಮೂವರು, ಚೀಲ ಹಿಡಿದು ನೇರ ಇತ್ತಲೇ ಬರುತ್ತಿದ್ದರು. ಲಾನ್ಸೆಲೊಟ್ ಕೋವಿ ಕೆಳಗಿಳಿಸಿದ. ಇವತ್ತೂ ಆಗದಿದ್ದರೆ ಈ ಬಟ್ಟೆ ಕಟ್ಟುವ ಕೆಲಸವನ್ನು ಅವಳ ಕೈಯಲ್ಲಿ ಇನ್ನೊಮ್ಮೆ ಮಾಡಿಸಲಾರೆ ಎಂದು ಅವನಿಗೆ ಗೊತ್ತಿತ್ತು. ಫ್ಲಾವಿಯಾ ಒಂದು ಕ್ಷಣ ಅವನನ್ನು ನೋಡಿದಳು. ಮತ್ತೆ ಸ್ವೆಟರು ಸರಿಮಾಡಿಕೊಂಡು ಸರಸರ ಉಮ್ಮರ್ ಕುಂಞಿ ನಿಂತಿದ್ದ ದಿಬ್ಬ ಹತ್ತಿ ಆಚೆ ಇಳಿದಳು.

ಆಚೆಯಿಂದ ಅವಳ ದನಿ ಕೇಳಿಸಿತು. ಅವಳ ಅರಬಿಯೆಲ್ಲ ಆಸ್ಪತ್ರೆಯ ಅರಬಿ. ಎಲ್ಲಿ ನೋವು, ಬಾಯಿ ತೆರೆಯಿರಿ, ಉಸಿರು ಎಳೆಯಿರಿ, ಇಷ್ಟರಲ್ಲೇ ಸಂಸಾರ. ಆ ನಾಲ್ಕು ಮಾತಿನಲ್ಲೇ ಅವಳು ಹೆಂಗಸರಿಗೆ ಸಲಾಂ ಹೇಳಿದಳು, ಫಗಾ ಹುಡುಕುವುದು ಹೇಗೆಂದು ತನಗೂ ತೋರಿಸಿಕೊಡಿ ಎಂದಳು, ಆ ಕಡೆ ಇಲ್ಲವಾ, ಈ ಕಡೆ ಇಲ್ಲವಾ ಎಂದು ಕೇಳುತ್ತ ಅವರನ್ನು ಪಕ್ಕಕ್ಕೆ ಕರೆದೊಯ್ದಳು. ಹೆಂಗಸರು ನಗುವುದು ಕೇಳಿಸಿತು. ಪುತಾ ಕಟ್ಟಿದ ಕಣ್ಣಿನಲ್ಲಿ ನಿಂತೇ ಇತ್ತು, ಕಿವಿಗಳು ಮಾತ್ರ ಅವಳ ದನಿಯ ಹಿಂದೆ ಹಿಂದೆಯೇ ತಿರುಗುತ್ತಿದ್ದವು.

ಹೆಂಗಸರು ಪೂರ್ತಿ ದೂರ ಹೋಗಲೆಂದು ಲಾನ್ಸೆಲೊಟ್ ಕಾಯತೊಡಗಿದ. ದನಿ ಸಣ್ಣದಾಗುತ್ತ ಹೋಯಿತು. ಪುತಾ ಒಂದು ಕಾಲೆತ್ತಿತು, ಕತ್ತು ಚಾಚಿತು, ಆ ದನಿ ಹೋದ ದಿಕ್ಕಿಗೆ ಹೊರಡಲು ನೋಡಿತು. ಅವಳು ಪೂರ್ತಿ ದೂರವಾದರೆ ಅದು ನಿಲ್ಲುವುದಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಹೊಡೆಯುವುದಾದರೆ ಅವಳ ದನಿ ಅದಕ್ಕೆ ಕೇಳಿಸುತ್ತಿರುವಾಗಲೇ ಹೊಡೆಯಬೇಕು. ಕೋವಿ ಎತ್ತಿ ಕುದುರೆಯ ಮೇಲೆ ಬೆರಳಿಟ್ಟ. ಆಚೆ ಫ್ಲಾವಿಯಾ ಅರಬಿ ಬಿಟ್ಟು, ಹೆಂಗಸರಿಗೆ ಅರ್ಥವಾಗದ ಕೊಂಕಣಿಯಲ್ಲಿ, ಇಲ್ಲಿದ್ದೇನೆ, ಇಲ್ಲೇ ಇದ್ದೇನೆ ಎಂದು ಗಟ್ಟಿಯಾಗಿ ಹೇಳಿದಳು. ಪುತಾ ಎತ್ತಿದ ಕಾಲನ್ನು ಕೆಳಗಿಟ್ಟು ಕಿವಿ ನಿಮಿರಿಸಿತು.

ಗುಂಡಿನ ಸದ್ದು ತಗ್ಗಿನಲ್ಲಿ ಒಮ್ಮೆ ಮೊಳಗಿ ಅಡಗಿತು. ಪುತಾ ಮಂಡಿ ಮಡಚಿ ಮಲಗಿದ ಹಾಗೆ ಬಿದ್ದಿತು, ಒದ್ದಾಡಲಿಲ್ಲ. ದಿಬ್ಬದ ಆಚೆ ಎಲ್ಲರ ಮಾತೂ ನಿಂತಿತ್ತು. ಆಮೇಲೆ ಫ್ಲಾವಿಯಾಳ ದನಿ ಮತ್ತೆ ಬಂತು, ನೆಲ ಬಿರುಕು ಬಿಟ್ಟಲ್ಲಿ ಅಗೆಯಬೇಕಾ ಎಂದು ಕೇಳುತ್ತಿದ್ದಳು. ಉಮ್ಮರ್ ಕುಂಞಿ ಇಳಿದು ಬಂದ. ಇಬ್ಬರೂ ಸೇರಿ ಪುತಾನನ್ನು ಸ್ಕಾರ್ಫಿನ ಸಮೇತ ಹೊಂಡದಲ್ಲಿ ಮಲಗಿಸಿದರು. ಬಿಸ್ಮಿಯ ಅಗತ್ಯವಿಲ್ಲದಿದ್ದರೂ ಉಮ್ಮರ್ ಕುಂಞಿ ಬಾಯೊಳಗೆ ಏನೋ ಹೇಳಿಕೊಂಡೇ ಮಣ್ಣು ಎಳೆದ. ಲಾನ್ಸೆಲೊಟ್ ಶಿಲುಬೆಯ ಗುರುತು ಮಾಡಲೋ ಬೇಡವೋ ಎಂದು ಯೋಚಿಸಿ, ಮಾಡಿದ. ಆಮೇಲೆ ಮರಳಿನಲ್ಲಿ ಕೂತು ಅತ್ತ. ಅಪ್ಪನ ಕೋವಿ ಹಿಡಿದ ದಿನದಿಂದ ಅವನು ಶಿಕಾರಿ ಮಾಡಿ ಅತ್ತದ್ದಿರಲಿಲ್ಲ.

ಫ್ಲಾವಿಯಾ ಬಂದದ್ದು ತಡವಾಗಿ. ಬರಿದಲೆ, ಕೂದಲು ಗಾಳಿಗೆ ಕೆದರಿತ್ತು, ಉಗುರಿನ ತುಂಬ ಮಣ್ಣು. ಹೊಂಡದ ಕಡೆ ಅವಳು ನೋಡಲಿಲ್ಲ. ಅವನ ತೋಳು ಹಿಡಿದು ಎಬ್ಬಿಸಿ ಅಂಗಿಯ ಮರಳು ಕೊಡವಿದಳು. ಹೆಂಗಸರು ಏನಾದರೂ ಕೇಳಿದರಾ ಎಂದ.

"ಎಂತ ಸದ್ದು ಅಂತ ಕೇಳಿದರು. ನನ್ನ ಗಂಡ ಅಂದೆ. ನನ್ನ ಮುಖ ನೋಡಿ ಮತ್ತೆ ಅವರು ಎಂತದ್ದೂ ಕೇಳಲಿಲ್ಲ." ಅವಳು ಪಿಕಪ್‌ನ ಬಾಗಿಲು ತೆರೆದಳು. "ಹೋಗುವ. ಡ್ಯೂಟಿಗೆ ಹೊತ್ತಾಯಿತು."

ಇವತ್ತೊಂದು ದಿನ ರಜೆ ಹಾಕು ಎಂದು ದಾರಿಯಲ್ಲಿ ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಇವತ್ತೇ ಹೋಗಬೇಕು ಎಂದಷ್ಟೇ ಹೇಳಿದಳು. ಯಾಕೆಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ. ಅವಳನ್ನು ಬಿಟ್ಟು ಹೋಗಲು ಮನಸ್ಸಾಗದೆ ಲಾನ್ಸೆಲೊಟ್ ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಬಾಗಿಲು ಅರ್ಧ ತೆರೆದಿತ್ತು. ಕೈ ತಿಕ್ಕಿ ತೊಳೆದು, ತಲೆಗೆ ಬಿಳಿ ಟೋಪಿ ಇಟ್ಟುಕೊಂಡು ಫ್ಲಾವಿಯಾ ಒಳಗೆ ಬಂದಾಗ ಮೇಜಿನ ಮೇಲೆ ಐದಾರು ವರ್ಷದ ಹುಡುಗಿಯೊಬ್ಬಳು ಒಂದು ಕಾಲು ಚಾಚಿ ಕೂತಿದ್ದಳು. ಹೆಸರು ಲತೀಫಾ. ಅವತ್ತು ಅವಳ ತೊಡೆಯ ಹೊಲಿಗೆ ಬಿಚ್ಚುವ ದಿನವಾಗಿತ್ತು.

ಹುಡುಗಿ ನರ್ಸಮ್ಮನ ಕೈ ಹಿಡಿದುಕೊಂಡು ಮಾತಿಗೆ ತೊಡಗಿದಳು. ಕೇಳುತ್ತ ಕೂತ ಲಾನ್ಸೆಲೊಟನಿಗೆ ಇನ್ನೊಂದು ಸಂಗತಿ ತಿಳಿಯಿತು. ಡ್ರೆಸ್ಸಿಂಗಿಗೆ ಬಂದಾಗಲೆಲ್ಲ ನೋವು ಮರೆಸಲು ಫ್ಲಾವಿಯಾ ಅವಳಿಗೆ ಬುತಾನ ಕಥೆ ಹೇಳುತ್ತಿದ್ದಳು. ಬುತಾ ತನ್ನ ಮನೆಯಲ್ಲಿ ಬೆಳೆದವನು, ಚಾಪೆಯ ಮೇಲೆ ಮಲಗುತ್ತಿದ್ದ, ಬಾಟ್ಲಿ ಕಚ್ಚಿ ಬಿಡುತ್ತಲೇ ಇರಲಿಲ್ಲ, ಈಗ ದೊಡ್ಡವನಾಗಿ ಪುಂಡಾಟ ಕಲಿತಿದ್ದಾನೆ, ಹೋಗಿ ವಿಚಾರಿಸಿಕೊಳ್ಳುತ್ತೇನೆ ಎಂದೆಲ್ಲ. ಈಗ ಹುಡುಗಿ ಅದನ್ನೇ ಕೇಳುತ್ತಿದ್ದಳು, ಬುತಾನಿಗೆ ಬೈದೆಯಾ ಎಂದು.

ಫ್ಲಾವಿಯಾ ಕತ್ತರಿಯನ್ನು ಎತ್ತಿಕೊಂಡು ಬೆಳಕಿಗೆ ಬಾಗಿದಳು.

"ಬೈದೆ" ಎಂದಳು ಆಸ್ಪತ್ರೆಯ ಅರಬಿಯಲ್ಲಿ. "ಇನ್ನು ಯಾವತ್ತೂ ಮಾಡುವುದಿಲ್ಲವಂತೆ."

"ಅತ್ತನಾ?"

"ಇಲ್ಲ. ಸುಮ್ಮನೆ ನಿಂತು ಕೇಳಿಸಿಕೊಂಡ."

ಹುಡುಗಿಗೆ ಸಮಾಧಾನವಾಯಿತು. ಅವಳು ಕಾಲನ್ನು ಸಡಿಲ ಬಿಟ್ಟು ಕಿಟಕಿಯ ಕಡೆ ನೋಡತೊಡಗಿದಳು. ಫ್ಲಾವಿಯಾ ಒಂದೊಂದೇ ನೂಲನ್ನು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಮಗುವಿಗೆ ಗೊತ್ತೇ ಆಗದ ಹಾಗೆ ಮೆಲ್ಲಗೆ ಎಳೆದು ತಟ್ಟೆಯಲ್ಲಿ ಇಡುತ್ತ ಹೋದಳು.